ದೆವ್ವಕ್ಕೂ ಒಂದು ಕೆಲಸ ಕೊಡಬೇಕು

ನನ್ನ ಚಿತ್ರ ನೋಡಿದವರು ಮೊದಲು ಕೇಳುವುದು, "ನಿಮಗೆ ರಾತ್ರಿ ನಿದ್ದೆ ಬರುತ್ತಾ?" ಅಂತ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಕೊಡೆ ಹಿಡಿದ ಬಾವಲಿ, ಹಲ್ಲು ಕಿರಿಯುವ ಪೆಟ್ಟಿಗೆ, ಕನ್ನಡಕ ಹುಡುಕುವ ತಲೆಬುರುಡೆ, ಇಂಥವನ್ನೇ ದಿನವಿಡೀ ಬರೆದು ಹೊಟ್ಟೆ ಹೊರೆಯುವವರಿಗೆ ಸಂಜೆಯಾದರೆ ಕತ್ತು ನೋಯುತ್ತದೆ, ಕಣ್ಣು ಉರಿಯುತ್ತದೆ. ಭಯಪಡೋಕೆ ಪುರುಸೊತ್ತು ಎಲ್ಲಿದೆ?

ಎರಡನೇ ಪ್ರಶ್ನೆಯೂ ಯಾವಾಗಲೂ ಒಂದೇ. "ಮಧ್ಯರಾತ್ರಿ ಮೇಣದ ಬತ್ತಿ ಹಚ್ಚಿಕೊಂಡು ಬರೀತೀರಾ?" ಮೇಣದ ಬತ್ತಿ ಬೆಳಕಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದು ನೋಡಿ, ಆಮೇಲೆ ಮಾತಾಡೋಣ. ಕಪ್ಪು ಚಿತ್ರಕ್ಕೇ ಬೆಳಕು ಜಾಸ್ತಿ ಬೇಕು. ಕಿಟಕಿ ಎಡಗಡೆ, ದೀಪವೂ ಎಡಗಡೆ, ಯಾಕೆಂದರೆ ನಾನು ಬಲಗೈಯಲ್ಲಿ ಬರೆಯುತ್ತೇನೆ, ದೀಪ ಬಲಗಡೆ ಇದ್ದರೆ ನನ್ನ ಕೈಯ ನೆರಳೇ ನಿಬ್ಬಿನ ತುದಿ ಮೇಲೆ ಬಿದ್ದು ಎಲ್ಲಿ ಗೆರೆ ಹೋಗುತ್ತಿದೆ ಅಂತ ಕಾಣುವುದಿಲ್ಲ. ಹೀಗೆ ನನ್ನ ಸ್ಮಶಾನಗಳೆಲ್ಲ ಹುಟ್ಟುವುದು ಬೆಳಗಿನ ಬಿಸಿಲಿನಲ್ಲಿ.

ಬೆಳಗ್ಗೆ ಎದ್ದು ಮೊದಲು ಸ್ಕೆಚ್ ಬುಕ್ ತೆಗೆಯುತ್ತೇನೆ. ಫೋನು ಬೇರೆ ಕೋಣೆಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಬರೆಯುವುದನ್ನು ಯಾರೂ ಕೇಳಿರುವುದಿಲ್ಲ, ಯಾರಿಗೂ ಕೊಡಬೇಕಾಗಿಲ್ಲ. ಒಳ್ಳೆಯ ಚಿತ್ರವಾಗಬೇಕು ಅನ್ನುವ ಹಟವೂ ಇಲ್ಲ. ಹಿಂದಿನ ರಾತ್ರಿ ಕೇಳಿದ ಒಂದು ಮಾತು, ಬಾಗಿಲ ಸಂದಿಯಲ್ಲಿ ಕಂಡ ಒಂದು ಆಕಾರ, ಅರ್ಧ ನೆನಪಿರುವ ಕನಸು, ಏನಾದರೂ ಸರಿ. ಹೆಚ್ಚಿನವು ಅಲ್ಲೇ ಸಾಯುತ್ತವೆ. ಕೆಲವು ತಿಂಗಳುಗಟ್ಟಲೆ ಸುಮ್ಮನಿದ್ದು, ಯಾವತ್ತೋ ಪುಟ ತಿರುಗಿಸುವಾಗ ಎದ್ದು ಕೂರುತ್ತವೆ.

ಆ ಪುಟಗಳಲ್ಲಿ ನಾನು ಕಲಿತದ್ದು ಒಂದೇ ಅಂತ ಹೇಳಬಹುದು. ಸುಮ್ನೆ ನಿಂತ ದೆವ್ವ ಬೋರು ಹೊಡೆಸುತ್ತದೆ. ಬಿಳಿ ಬಟ್ಟೆ, ಎರಡು ಕಪ್ಪು ಕಣ್ಣು, ಹಿಂದೆ ಹುಣ್ಣಿಮೆ, ಮುಗಿಯಿತು. ನೋಡುವವರು ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾರೆ. ಅದಕ್ಕೊಂದು ಕೆಲಸ ಕೊಟ್ಟು ನೋಡಿ. ದೆವ್ವಕ್ಕೆ ಪ್ರಯಾಣ ಇದೆ ಅನ್ನಿ, ಕೈಯಲ್ಲಿ ಸೂಟ್‌ಕೇಸು. ದೆವ್ವ ಗೋಡೆ ದಾಟಿ ಆಚೆ ಹೋಯಿತು, ಸೂಟ್‌ಕೇಸು ಈಚೆಯೇ ಢಬ್ ಅಂತ ಬಿತ್ತು. ಈಗ ದೆವ್ವ ವಾಪಸ್ ಬರಬೇಕು, ಎಲ್ಲರ ಹಾಗೆ ಬಾಗಿಲು ತೆಗೆಯಬೇಕು, ಸೂಟ್‌ಕೇಸು ಎಳೆದುಕೊಂಡು ಹೋಗಬೇಕು. ಅದರ ಮುಖದಲ್ಲಿ ಆಗ ಬರುವ ಕಿರಿಕಿರಿ ಇದೆಯಲ್ಲ, ನನ್ನ ಚಿತ್ರ ಅಲ್ಲಿಂದ ಶುರು. ಭಯವೂ ಪೂರ್ತಿ ಹೋಗಿರುವುದಿಲ್ಲ. ಅಷ್ಟಕ್ಕೂ ಅದು ಎಲ್ಲಿಗೆ ಹೊರಟಿದೆ? ಸೂಟ್‌ಕೇಸಿನಲ್ಲಿ ಏನಿದೆ? ಅದನ್ನು ನಾನು ಹೇಳುವುದಿಲ್ಲ.

ರಕ್ತ ಬರೆಯುವುದಿಲ್ಲ. ಇದೇನು ದೊಡ್ಡ ನೀತಿಯಲ್ಲ, ಬರೀ ಲೆಕ್ಕಾಚಾರ. ಹಾಳೆಯಲ್ಲಿ ಒಂದು ಹನಿ ರಕ್ತ ಬಿದ್ದರೂ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ, ಸೂಟ್‌ಕೇಸನ್ನು ಯಾರೂ ನೋಡುವುದಿಲ್ಲ.

ಇನ್ನೊಂದು ವಿಷಯದಲ್ಲಿ ನಾನು ತೀರಾ ಹಟಮಾರಿ. ಮೂಳೆ ಸರಿಯಾಗಿರಬೇಕು. ತಮಾಷೆ ಚಿತ್ರ ತಾನೇ, ಹೇಗಿದ್ದರೇನು ಅಂತ ಅನ್ನುವವರಿದ್ದಾರೆ. ತಮಾಷೆ ಚಿತ್ರಕ್ಕೇ ಇದು ಜಾಸ್ತಿ ಬೇಕು. ಅಸ್ಥಿಪಂಜರದ ಮೊಣಕೈ ತಪ್ಪಾದ ಕಡೆ ಬಾಗಿದ್ದರೆ ನೋಡುವವರು ಅದನ್ನು ನಂಬುವುದಿಲ್ಲ, ನಂಬದಿದ್ದರೆ ಅದು ಟೋಪಿ ಸರಿಮಾಡಿಕೊಳ್ಳುವುದಕ್ಕೆ ನಗುವೂ ಬರುವುದಿಲ್ಲ. ಮನುಷ್ಯನ ಒಂದು ಕೈಯಲ್ಲಿ, ಮಣಿಕಟ್ಟು ಸೇರಿ, 27 ಮೂಳೆಗಳಿವೆ. ಬಾವಲಿಯ ರೆಕ್ಕೆಯೂ ಕೈಯೇ. ಉದ್ದಕ್ಕೆ ಬೆಳೆದ ನಾಲ್ಕು ಬೆರಳು, ಅವುಗಳ ನಡುವೆ ಚರ್ಮ, ಮೇಲ್ತುದಿಯಲ್ಲಿ ಉಗುರಿರುವ ಹೆಬ್ಬೆರಳು ಮಾತ್ರ ಸ್ವತಂತ್ರ. ಇದು ಗೊತ್ತಿದ್ದರೆ ಬಾವಲಿಗೆ ಕೊಡೆ ಹಿಡಿಸುವುದು ಹೇಗೆ ಅನ್ನುವ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ, ಹೆಬ್ಬೆರಳಿಗೆ ಸಿಕ್ಕಿಸಿದರಾಯಿತು. ಕಡ್ಡಿಗಳ ಮೇಲೆ ಎಳೆದು ಬಿಗಿದ ಚರ್ಮ ನೋಡಿದರೆ ಬಾವಲಿಯೇ ಅರ್ಧ ಕೊಡೆ, ಅದಕ್ಕೆ ಇನ್ನೊಂದು ಕೊಡೆ ಯಾಕೆ ಅಂತಲೂ ಅನ್ನಿಸಬಹುದು, ಅದು ಬೇರೆ ವಿಷಯ. ಕಾಗೆಯ ಕಾಲಲ್ಲಿ ಹಿಂದಕ್ಕೆ ಬಾಗಿದ ಹಾಗೆ ಕಾಣುವುದು ಮಂಡಿಯಲ್ಲ, ಹಿಮ್ಮಡಿಯ ಗಂಟು. ಮಂಡಿ ಮೇಲೆ ಪುಕ್ಕದೊಳಗೆ ಅಡಗಿರುತ್ತದೆ. ಕಾಗೆಗೆ ಪ್ಯಾಂಟು ಹಾಕಿಸುವಾಗ ಇದು ಭಾರೀ ಮುಖ್ಯವಾಗುತ್ತದೆ.

ಹಳಬರು ಇದನ್ನೆಲ್ಲ ಚೆನ್ನಾಗಿ ಬಲ್ಲವರು. ಆಂಡ್ರಿಯಾಸ್ ವೆಸಾಲಿಯಸ್ 1543ರಲ್ಲಿ ಅಚ್ಚು ಹಾಕಿಸಿದ ದೇಹರಚನೆಯ ಪುಸ್ತಕದಲ್ಲಿ ಒಂದು ಅಸ್ಥಿಪಂಜರ ಕಟ್ಟೆಗೆ ಮೊಣಕೈ ಊರಿ, ತಲೆಬುರುಡೆಯೊಂದರ ಮೇಲೆ ಕೈಯಿಟ್ಟು, ಏನೋ ಯೋಚನೆ ಮಾಡುತ್ತಾ ನಿಂತಿದೆ. ಇನ್ನೊಂದು ಸಲಿಕೆ ಹಿಡಿದು ನಿಂತಿದೆ. ವೈದ್ಯ ವಿದ್ಯಾರ್ಥಿಗಳಿಗೆ ಮೂಳೆ ತೋರಿಸಬೇಕಿತ್ತು ಅಷ್ಟೇ, ಸುಮ್ಮನೆ ನೇರವಾಗಿ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಆದರೆ ಕೆಲಸ ಕೊಟ್ಟರು ನೋಡಿ. ಆ ಸಲಿಕೆಯಿಂದಾಗಿ ಅದು ಒಬ್ಬ ವ್ಯಕ್ತಿಯಾಯಿತು. ಜಪಾನಿನ ಕುನಿಯೋಶಿ 1840ರ ದಶಕದಲ್ಲಿ ಮೂರು ಹಾಳೆಗಳ ಮೇಲೆ ಹರಡಿದ ಒಂದು ಮರದಚ್ಚಿನ ಚಿತ್ರ ಮಾಡಿದ. ದೈತ್ಯ ಅಸ್ಥಿಪಂಜರವೊಂದು ಕತ್ತಲಿನಿಂದ ಬಾಗಿ, ಕಿಟಕಿಯ ಪರದೆ ಸರಿಸಿ ಒಳಗೆ ಇಣುಕುತ್ತದೆ. ಆ ಪರದೆಯನ್ನು ಬೆರಳಿನಿಂದ ಸರಿಸುವ ರೀತಿಯಲ್ಲಿ ಎಷ್ಟು ಜಾಗ್ರತೆ ಇದೆ ಅಂದರೆ, ಹರಿದುಹೋದೀತು ಅಂತ ಅದಕ್ಕೇ ಚಿಂತೆಯಿದ್ದ ಹಾಗಿದೆ. ನನಗೆ ಆ ಬೆರಳುಗಳೇ ಇಡೀ ಚಿತ್ರ.

ಹಾಗಂತ ತಿಳಿದೂ ತಿಳಿದೂ ತಪ್ಪಾಗಿ ಬರೆಯುವುದಕ್ಕೆ ನನ್ನ ತಕರಾರಿಲ್ಲ. ಫ್ರೆಂಚ್ ಕಲಾವಿದ ಓದಿಲೋನ್ ರೆದೋನ್ 1881ರಲ್ಲಿ ಇದ್ದಿಲಿನಿಂದ ಬರೆದ ನಗುವ ಜೇಡಕ್ಕೆ ಹತ್ತು ಕಾಲು. ಎಂಟಿರಬೇಕಾದಲ್ಲಿ ಹತ್ತು. ಅದು ಬಾಯಿತುಂಬ ನಗುತ್ತಾ ನಿಂತಿರುವುದನ್ನು ನೋಡಿದರೆ ಕಾಲು ಎಣಿಸೋಣ ಅಂತಲೇ ಹೊಳೆಯುವುದಿಲ್ಲ. ನಾನೂ ಚಿಕ್ಕ ಚಿತ್ರಗಳಲ್ಲಿ ಪಕ್ಕೆಲುಬಿನ 12 ಜೋಡಿಯನ್ನೂ ಬರೆಯುವುದಿಲ್ಲ. ಅಷ್ಟು ಗೆರೆ ತುರುಕಿದರೆ ಎದೆ ಬರೀ ಕಪ್ಪು ಮುದ್ದೆಯಾಗುತ್ತದೆ.

ಇನ್ನು ಕಪ್ಪು. ಇದರ ಬಗ್ಗೆ ಶುರು ಮಾಡಿದರೆ ನನ್ನ ಸ್ನೇಹಿತರು ಮೆಲ್ಲಗೆ ಎದ್ದು ಹೋಗುತ್ತಾರೆ, ಇಲ್ಲಿ ನೀವು ಸಿಕ್ಕಿದ್ದೀರಿ.

ನಾನು ದಿನಾ ಬಳಸುವುದು ಇಂಡಿಯನ್ ಇಂಕ್. ಮಸಿಯ ಪುಡಿ, ಅದನ್ನು ಹಿಡಿದಿಡಲು ಅರಗು. ಒಣಗಿದ ಮೇಲೆ ನೀರು ಬಿದ್ದರೂ ಕದಡುವುದಿಲ್ಲ, ಮೇಲೆ ಬಣ್ಣ ಹಚ್ಚಬಹುದು. ಅದೇ ಗುಣದಿಂದ ಅದನ್ನು ಫೌಂಟನ್ ಪೆನ್ನಿಗೆ ಹಾಕಿದರೆ ಪೆನ್ನು ಕಟ್ಟಿಕೊಂಡು ಹಾಳಾಗುತ್ತದೆ. ಅದ್ದಿ ಬರೆಯುವ ನಿಬ್ಬೇ ಬೇಕು, ಆ ನಿಬ್ಬನ್ನೂ ಆಗಾಗ ಒರೆಸುತ್ತಿರಬೇಕು. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲಿ ಅಂತ ತೆಳ್ಳಗೆ ಎಣ್ಣೆ ಸವರಿರುತ್ತಾರೆ, ಅದನ್ನು ತೆಗೆಯದೆ ಅದ್ದಿದರೆ ಇಂಕು ಹನಿಹನಿಯಾಗಿ ನಿಂತುಬಿಡುತ್ತದೆ. ಹೊಸದಾಗಿ ಶುರು ಮಾಡಿದ ಎಷ್ಟೋ ಜನ ಇದು ಗೊತ್ತಿಲ್ಲದೆ, ತಮ್ಮ ಕೈಗೇ ನಿಬ್ಬು ಒಗ್ಗುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಪಾಪ.

ಬಣ್ಣದ ಟ್ಯೂಬುಗಳಲ್ಲಿ ನನಗಿಷ್ಟದ ಕಪ್ಪು ಮೂಳೆಯ ಕಪ್ಪು. ಗಾಳಿಯಾಡದ ಹಾಗೆ ಮೂಳೆ ಸುಟ್ಟು ಮಾಡುತ್ತಾರೆ, ಸ್ವಲ್ಪ ಕಂದು ಛಾಯೆ ಇರುತ್ತದೆ. ದಂತದ ಕಪ್ಪು ಅನ್ನುವ ಹೆಸರಿನಲ್ಲಿ ಈಗ ಮಾರುವುದೂ ಸಾಮಾನ್ಯವಾಗಿ ಇದನ್ನೇ. ಮೂಳೆಯಿಂದಲೇ ಮೂಳೆ ಬರೆಯುವ ಸುಖವನ್ನು ನಾನು ಯಾರಿಗೂ ವಿವರಿಸಲಾರೆ. ಇದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಈಜಿಪ್ಟಿನ ಮಮ್ಮಿಗಳನ್ನೇ ಪುಡಿ ಮಾಡಿ ಅರೆದ ಕಂದು ಬಣ್ಣ. ಯೂರೋಪಿನ ಕಲಾವಿದರು ಶತಮಾನಗಳ ಕಾಲ ಅದನ್ನು ಬಳಸಿದರು. ಇಂಗ್ಲಿಷ್ ಕಲಾವಿದ ಎಡ್ವರ್ಡ್ ಬರ್ನ್-ಜೋನ್ಸ್‌ಗೆ ಅದು ನಿಜವಾಗಿಯೂ ಮನುಷ್ಯರಿಂದ ಮಾಡಿದ್ದು ಅಂತ ಗೊತ್ತಾದಾಗ, ತನ್ನ ಹತ್ತಿರವಿದ್ದ ಟ್ಯೂಬನ್ನು ತೋಟದಲ್ಲಿ ಗುಂಡಿ ತೋಡಿ ಹೂತುಬಿಟ್ಟನಂತೆ. ಬಣ್ಣದ ಟ್ಯೂಬಿಗೆ ಅಂತ್ಯಕ್ರಿಯೆ! ನಾನು ಕಲ್ಪಿಸಿದ್ದರೆ ಅತಿಯಾಯ್ತು ಅನ್ನುತ್ತಿದ್ದಿರಿ.

ಸ್ಕೆಚ್ ಬುಕ್ಕಿಗೆ ಮಾತ್ರ ಒಂದೊಂದು ಸಲ ಕಬ್ಬಿಣದ ಶಾಯಿ ತೆಗೆಯುತ್ತೇನೆ. ಓಕ್ ಮರದಲ್ಲಿ ಒಂದು ಜಾತಿಯ ಪುಟ್ಟ ಕಣಜ ಮೊಟ್ಟೆಯಿಟ್ಟರೆ ಆ ಜಾಗದಲ್ಲಿ ಮರ ಗಂಟು ಕಟ್ಟಿಕೊಳ್ಳುತ್ತದೆ. ಆ ಗಂಟನ್ನು ಕುಟ್ಟಿ, ಅದರ ಒಗರಿನ ರಸಕ್ಕೆ ಕಬ್ಬಿಣದ ಲವಣ ಬೆರೆಸಿದರೆ ಶಾಯಿ. ಬರೆಯುವಾಗ ಮಸುಕು, ಗಾಳಿ ತಾಗಿದ ಮೇಲೆ ಮೆಲ್ಲಮೆಲ್ಲಗೆ ಕಪ್ಪಾಗುತ್ತದೆ. ಯೂರೋಪಿನಲ್ಲಿ ನೂರಾರು ವರ್ಷ ಕಾಗದಪತ್ರಗಳನ್ನೆಲ್ಲ ಬರೆದದ್ದು ಇದರಲ್ಲೇ. ಅದರಲ್ಲಿ ಎಷ್ಟೋ ಹಾಳೆಗಳನ್ನು ಅದೇ ಶಾಯಿ ತಿಂದು ತೂತು ಮಾಡಿದೆ. ಒಂದು ಹುಳದ ಮನೆಯಿಂದ ಹುಟ್ಟಿ, ತಡವಾಗಿ ಕಪ್ಪಾಗಿ, ಕೊನೆಗೆ ಕಾಗದವನ್ನೇ ತಿನ್ನುವ ಶಾಯಿ. ಇನ್ನೇನು ಬೇಕು ಹೇಳಿ. ಮಾರುವ ಚಿತ್ರಕ್ಕೆ ಮಾತ್ರ ಬಳಸುವುದಿಲ್ಲ, ಕೊಂಡವರ ಗೋಡೆಯ ಮೇಲೆ ಅದು ತಿನ್ನುತ್ತಾ ಕೂತಿರುವುದು ಸರಿಯಲ್ಲ.

ಕಪ್ಪು ತುಂಬುವುದು ಇಡೀ ದಿನದ ದೊಡ್ಡ ಪಾಲು. ಕ್ರಾಸ್ ಹ್ಯಾಚಿಂಗ್ ಅಂದರೆ ಒಂದು ದಿಕ್ಕಿಗೆ ಗೆರೆ, ಒಣಗಲು ಬಿಡು, ಅದರ ಮೇಲೆ ಇನ್ನೊಂದು ದಿಕ್ಕಿಗೆ ಗೆರೆ, ಮತ್ತೆ ಒಣಗಲು ಬಿಡು. ಅಂಗೈ ಕೆಳಗೆ ಒಂದು ಬಿಡಿ ಹಾಳೆ ಇರಲೇಬೇಕು, ಇಲ್ಲದಿದ್ದರೆ ಬೆವರು ಮತ್ತು ಎಣ್ಣೆ ಕಾಗದಕ್ಕೆ ಹತ್ತಿ ಆಮೇಲೆ ಇಂಕು ಅಲ್ಲಿ ಕೂರುವುದಿಲ್ಲ. ಒರಟು ಕಾಗದದಲ್ಲಿ ನಿಬ್ಬಿನ ತುದಿ ನಾರಿಗೆ ಸಿಕ್ಕಿ ಚಿಮ್ಮುತ್ತದೆ, ಹಾಗಾಗಿ ನಯವಾದ ದಪ್ಪ ಕಾಗದವೇ ಆಗಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕತ್ತಲನ್ನು ಪೂರ್ತಿ ತುಂಬಬಾರದು. ಗೆರೆಗಳ ನಡುವೆ ಅಲ್ಲಲ್ಲಿ ಚೂರು ಬಿಳಿ ಉಳಿದರೆ ಆ ಕತ್ತಲೆಯೊಳಗೆ ಜಾಗವಿದೆ, ಅಲ್ಲಿ ಏನೋ ನಿಂತಿರಬಹುದು ಅನ್ನಿಸುತ್ತದೆ. ಸಾರಿಸಿದ ಕಪ್ಪಿನಲ್ಲಿ ಯಾರೂ ಅಡಗಿರಲಾರರು. ಮೂಲೆಗಳ ಕತ್ತಲಿಗೆ ನಾನು ಮುಖ್ಯ ಪಾತ್ರಕ್ಕಿಂತ ಜಾಸ್ತಿ ಹೊತ್ತು ಕೊಡುತ್ತೇನೆ. ಇದು ತುಂಬ ಬೇಸರದ ಕೆಲಸ, ಮತ್ತೆ ನನಗೆ ಇಡೀ ದಿನದಲ್ಲಿ ಅತ್ಯಂತ ಇಷ್ಟದ ಕೆಲಸವೂ ಇದೇ. ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ತಲೆ ಎಲ್ಲೋ ಅಲೆಯುತ್ತಿರುತ್ತದೆ. ದೆವ್ವದ ಸೂಟ್‌ಕೇಸು ಹೊಳೆದದ್ದು ಬೇರೆ ಯಾವುದೋ ಚಿತ್ರದ ಗೋಡೆ ತುಂಬುವಾಗಲೇ.

ಮಧ್ಯಾಹ್ನದ ಮೇಲೆ ನಾನೇ ನನ್ನ ಆಫೀಸಿನ ಗುಮಾಸ್ತೆ. ಸ್ಕ್ಯಾನ್ ಮಾಡು, ಗೆರೆಚಿತ್ರವಾದ್ದರಿಂದ 600 ಡಿಪಿಐಗಿಂತ (ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ) ಕಡಿಮೆ ಬೇಡ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಧೂಳಿನ ಚುಕ್ಕೆಗಳನ್ನು ಒಂದೊಂದಾಗಿ ಅಳಿಸು. ಅಚ್ಚಿಗೆ ಹೋಗುವುದಾದರೆ ಗೆರೆಗಳು ಬರೀ ಕಪ್ಪು ಇಂಕಿನಲ್ಲೇ ಇರಬೇಕು. ನಾಲ್ಕು ಬಣ್ಣ ಬೆರೆತ ಕಪ್ಪಿನಲ್ಲಿದ್ದರೆ, ಅಚ್ಚಿನಲ್ಲಿ ಒಂದು ಬಣ್ಣ ಕೂದಲಷ್ಟು ಸರಿದರೂ ಪ್ರತಿ ಗೆರೆಯ ಅಂಚಿಗೂ ಗುಲಾಬಿಯೋ ನೀಲಿಯೋ ಇಣುಕುತ್ತದೆ. ಗುಲಾಬಿ ಅಂಚಿನ ಅಸ್ಥಿಪಂಜರ ಕೇಳಲು ಚೆನ್ನಾಗಿದೆ, ನೋಡಲು ಇಲ್ಲ. ಆಮೇಲೆ ಮೇಲ್‌ಗಳು, ಬಿಲ್‌ಗಳು, ಬಾಕಿ ಹಣ ನೆನಪಿಸುವ ನಯವಾದ ಮೇಲ್‌ಗಳು, ಅಷ್ಟೇನೂ ನಯವಲ್ಲದ ಮೇಲ್‌ಗಳು. ದುಡ್ಡು ಬರಲು ತಡವಾದಷ್ಟು ನನ್ನ ವಾಕ್ಯಗಳು ಚಿಕ್ಕದಾಗುತ್ತಾ ಹೋಗುತ್ತವೆ.

ಗಿರಾಕಿಗಳಲ್ಲಿ ಎರಡು ಥರ. ಒಂದು, "ಸ್ವಲ್ಪ ಕ್ಯೂಟ್ ಮಾಡಿ" ಅನ್ನುವವರು. ಅಂದರೆ ಕಣ್ಣು ದೊಡ್ಡದು ಮಾಡಿ ಅಂತ ಅರ್ಥ. ತಲೆಬುರುಡೆಗೆ ಕಣ್ಣೇ ಇಲ್ಲ ಸಾರ್, ಗುಳಿ ಇದೆ ಅಂದರೆ, "ಗುಳೀನೇ ಸ್ವಲ್ಪ ದೊಡ್ಡದು ಮಾಡಿ" ಅನ್ನುತ್ತಾರೆ. ಆಶ್ಚರ್ಯ ಅಂದರೆ ಅದು ಕೆಲಸ ಮಾಡುತ್ತದೆ. ಗುಳಿ ದೊಡ್ಡದಾಗಿ, ಕೊಂಚ ಕೆಳಗೆ ಇಳಿದರೆ ತಲೆಬುರುಡೆ ಮಗುವಿನ ಮುಖವಾಗಿಬಿಡುತ್ತದೆ. ಇನ್ನೊಂದು ಥರ, "ಇನ್ನೂ ಡಾರ್ಕ್ ಬೇಕು" ಅನ್ನುವವರು. ಬಣ್ಣ ಗಾಢವಾಗಬೇಕೋ, ವಿಷಯ ಘೋರವಾಗಬೇಕೋ? ಇದನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಪೆನ್ಸಿಲ್ ಹಿಡಿಯಬೇಕು. ಪೆನ್ಸಿಲ್ ಹಂತದಲ್ಲಿ ಎಷ್ಟು ಸಲ ಬೇಕಾದರೂ ಬದಲಿಸುತ್ತೇನೆ, ಇಂಕು ಬಿದ್ದ ಮೇಲೆ ಬದಲಾವಣೆಗೆ ಬೇರೆ ದುಡ್ಡು. ಹೊಸಬರಿಗೆ ನಾನು ಕೊಡುವ ಒಂದೇ ವ್ಯವಹಾರದ ಸಲಹೆ ಇದು. ಮುಂಗಡ ತಗೊಳ್ಳಿ ಅನ್ನುವುದನ್ನೂ ಸೇರಿಸಿ ಎರಡು ಅನ್ನಿ.

ಕೆಲವು ಕೆಲಸ ಬೇರೆ ಥರ ಬರುತ್ತವೆ. ಬೆಕ್ಕು ಸತ್ತುಹೋಗಿದೆ, ಅದರ ದೆವ್ವ ಬರೆದುಕೊಡ್ತೀರಾ ಅಂತ ಕೇಳುತ್ತಾರೆ. ಬದುಕಿದ್ದಾಗಿನ ಚಿತ್ರವಲ್ಲ, ದೆವ್ವವೇ ಬೇಕು. ಮೊದಲ ಸಲ ಇಂಥದ್ದು ಬಂದಾಗ ನಾನು ಹಿಂಜರಿದೆ. ಈಗ ಫೋಟೋ ಕೇಳುವಾಗ ಒಂದು ಪ್ರಶ್ನೆಯನ್ನೂ ಕಳಿಸುತ್ತೇನೆ, ಅದು ಎಲ್ಲಿ ಕೂರಬಾರದು ಅಂತ ಬೈಸಿಕೊಳ್ಳುತ್ತಿತ್ತು? ಬರುವ ಉತ್ತರಗಳು ಪುಟಗಟ್ಟಲೆ ಇರುತ್ತವೆ. ಲ್ಯಾಪ್‌ಟಾಪ್ ಮೇಲೆ, ಇಸ್ತ್ರಿ ಮಾಡಿಟ್ಟ ಬಟ್ಟೆ ಮೇಲೆ, ಮಲಗಿದವರ ಮುಖದ ಮೇಲೆ. ದೆವ್ವವನ್ನು ಅಲ್ಲೇ ಕೂರಿಸುತ್ತೇನೆ, ಈಗ ಯಾರೂ ಎಬ್ಬಿಸುವಂತಿಲ್ಲ. ಇದರಲ್ಲಿ ನಾನು ತಮಾಷೆ ಜಾಸ್ತಿ ಬೆರೆಸುವುದಿಲ್ಲ, ಬೆಕ್ಕೇ ಬೆರೆಸಿಟ್ಟು ಹೋಗಿರುತ್ತದೆ.

ಪರಿಚಯದವರಿಗೆ ನನ್ನ ರುಚಿ ಗೊತ್ತಾದ ಮೇಲೆ ಉಡುಗೊರೆಗಳೂ ಬದಲಾಗಿವೆ. ಬೆಂಕಿಪೊಟ್ಟಣದಲ್ಲಿ ಸತ್ತ ದುಂಬಿ, ಹತ್ತಿಯಲ್ಲಿ ಸುತ್ತಿದ ಚಿಟ್ಟೆ ರೆಕ್ಕೆ, ಒಮ್ಮೆ ಹಕ್ಕಿಯ ಪುಟ್ಟ ಬುರುಡೆ. ಒಣಗಿದ ಕೀಟವನ್ನು ಮುಟ್ಟಿದರೆ ಕಾಲು ಮುರಿಯುತ್ತದೆ. ತೇವದ ಹತ್ತಿ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟರೆ ಕೀಲುಗಳು ಸಡಿಲವಾಗುತ್ತವೆ, ಆಗ ಬೇಕಾದ ಹಾಗೆ ನಿಲ್ಲಿಸಿ ಬರೆದುಕೊಳ್ಳಬಹುದು. ಮನೆಗೆ ಬಂದವರು ಡಬ್ಬಿ ತೆರೆಯುವ ಮುಂಚೆ ಈಗ ಕೇಳುತ್ತಾರೆ, ಒಳ್ಳೆಯ ಅಭ್ಯಾಸ.

"ಇಷ್ಟೆಲ್ಲ ಕತ್ತಲು ಯಾಕೆ, ಮನಸ್ಸಿಗೆ ಬೇಜಾರಾ?" ಅಂತ ಕಳಕಳಿಯಿಂದ ಕೇಳುವವರೂ ಇದ್ದಾರೆ. ಬೇಜಾರಿದ್ದ ದಿನ ನನಗೆ ಒಂದು ಗೆರೆಯೂ ಬರುವುದಿಲ್ಲ, ಅಂಥ ದಿನ ನಿಬ್ಬು ತೊಳೆಯುತ್ತೇನೆ, ಕಾಗದ ಕತ್ತರಿಸಿಡುತ್ತೇನೆ. ಸ್ಪೇನಿನ ಚಿತ್ರಕಾರ ಗೋಯಾನ ಉದಾಹರಣೆ ಕೊಡುತ್ತಾರೆ. ಎಪ್ಪತ್ತು ದಾಟಿದ, ಕಿವಿ ಕೇಳದ ಗೋಯಾ, 1819ರಲ್ಲಿ ಮ್ಯಾಡ್ರಿಡ್ ಹೊರಗೆ ಕೊಂಡ ಮನೆಯ ಗೋಡೆಗಳ ಮೇಲೆ 14 ಕಪ್ಪು ಚಿತ್ರ ಬರೆದ. ಯಾರೂ ಹೇಳಿ ಮಾಡಿಸಿದ್ದಲ್ಲ. ಅವುಗಳಿಗೆ ಈಗಿರುವ ಹೆಸರೂ ಅವನು ಇಟ್ಟದ್ದಲ್ಲ. ಆಮೇಲೆ ಗೋಡೆಯಿಂದ ಎಬ್ಬಿಸಿ ಕ್ಯಾನ್ವಾಸಿಗೆ ಏರಿಸಿದರು, ಈಗ ಪ್ರಾಡೋ ಮ್ಯೂಸಿಯಂನಲ್ಲಿವೆ. ಎಲ್ಲರೂ ಮಗನನ್ನು ತಿನ್ನುವ ದೈತ್ಯನ ಚಿತ್ರ ನೆನೆಯುತ್ತಾರೆ. ನನಗೆ ಅದಕ್ಕಿಂತ ಭಯ ಹುಟ್ಟಿಸುವುದು ನಾಯಿಯ ಚಿತ್ರ. ಚಿತ್ರದ ತುಂಬ ಖಾಲಿ ಮಣ್ಣು ಬಣ್ಣ, ಕೆಳಗೆ ನಾಯಿಯ ತಲೆ ಮಾತ್ರ, ಮೇಲೆ ಎತ್ತ ನೋಡುತ್ತಿದೆಯೋ. ಗೋಯಾನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಲು ನಾನು ಯಾರು. ಆದರೆ ಮನೆಯಲ್ಲಿ, ಮಾರುವ ಯೋಚನೆಯೇ ಇಲ್ಲದೆ ಬರೆಯುವ ಒಂದು ಗೋಡೆ ಬೇಕಾಗುತ್ತದೆ ಅನ್ನುವುದು ಅರ್ಥವಾಗುತ್ತದೆ. ನನ್ನ ಬೆಳಗಿನ ಸ್ಕೆಚ್ ಬುಕ್ ಅಷ್ಟು ದೊಡ್ಡದಲ್ಲ, ಆದರೂ ಅದೇ ಜಾತಿ. ಅದನ್ನು ಫೋಟೋ ತೆಗೆದು ಹಾಕಿ ಅಂತ ಕೇಳುತ್ತಾರೆ. ಹಾಕುವುದಿಲ್ಲ. ಹಾಕುತ್ತೇನೆ ಅಂತ ಗೊತ್ತಾದ ದಿನದಿಂದ ಅದು ಕೆಲಸದ ಪುಸ್ತಕವಾಗಿಬಿಡುತ್ತದೆ.

ಸದ್ಯ ಮೇಜಿನ ಮೇಲಿರುವುದು ಒಂದು ಪತಂಗ. ಬೆನ್ನ ಮೇಲೆ ತಲೆಬುರುಡೆಯ ಗುರುತಿರುವ ಜಾತಿ ಇದೆಯಲ್ಲ, ಅದು. ಮುಟ್ಟಿದರೆ ಕೀಚಲು ದನಿ ಮಾಡುತ್ತದೆ, ರಾತ್ರಿ ಜೇನುಗೂಡಿಗೆ ನುಗ್ಗಿ ಜೇನು ಕದಿಯುತ್ತದೆ. ಇವೆಲ್ಲ ನಿಜ, ನಾನು ಏನೂ ಸೇರಿಸಿಲ್ಲ. ಸೇರಿಸಬೇಕಾದ್ದು ಪೊಲೀಸ್ ಠಾಣೆ. ಕಳ್ಳ ಸಿಕ್ಕಿಬಿದ್ದಿದ್ದಾನೆ, ಬೆಂಚಿನ ಮೇಲೆ ರೆಕ್ಕೆ ಮಡಿಸಿ ಕೂತಿದ್ದಾನೆ, ಎದುರಿಗೆ ಜೇನುನೊಣವೊಂದು ದೂರು ಬರೆದುಕೊಳ್ಳುತ್ತಿದೆ. ಮುಖವಾಡ ಹಾಕಿಸೋಣ ಅಂತ ಮೊದಲು ಅಂದುಕೊಂಡಿದ್ದೆ, ಬೆನ್ನ ಮೇಲೇ ತಲೆಬುರುಡೆ ಹೊತ್ತವನಿಗೆ ಮುಖವಾಡ ಯಾಕೆ ಅಂತ ಬಿಟ್ಟೆ. ಗೋಡೆಯ ಕತ್ತಲು ಅರ್ಧ ಮುಗಿದಿದೆ. ನೊಣದ ಕೈಗೆ ಪೆನ್ನು ಹಿಡಿಸುವುದು ಹೇಗೆ ಅನ್ನುವುದೇ ತಲೆನೋವಾಗಿತ್ತು. ನೋಡಿದರೆ ಜೇನುನೊಣದ ಮುಂಗಾಲಿನಲ್ಲಿ ಮೀಸೆ ಒರೆಸಿಕೊಳ್ಳಲು ಅರ್ಧಚಂದ್ರದ ಹಾಗೆ ಒಂದು ಕಚ್ಚು ಇರುತ್ತದೆ. ಪೆನ್ನು ಅಲ್ಲಿ ಸರಿಯಾಗಿ ಕೂರುತ್ತದೆ.